ಮಸಾಜ್ ಎಣ್ಣೆಗೆ ಎಷ್ಟು ಹನಿ ಸುಗಂಧ?

ಮೈಸೂರಿನಲ್ಲಿ ಮಸಾಜ್ ಚಿಕಿತ್ಸೆಯನ್ನು ವೃತ್ತಿಯಾಗಿ ಮಾಡುತ್ತಿರುವ ನನ್ನ ಬಳಿಗೆ ಬರುವವರಲ್ಲಿ ಹಲವರು, ನೋವು ಎಲ್ಲಿದೆ ಎಂಬುದನ್ನು ಹೇಳುವ ಮೊದಲೇ ಯಾವ ಎಣ್ಣೆ ಹಚ್ಚುತ್ತೀರಿ ಎಂದು ವಿಚಾರಿಸುತ್ತಾರೆ. ಲ್ಯಾವೆಂಡರ್, ಶ್ರೀಗಂಧ, ನೀಲಗಿರಿ ಎಂದು ಹೆಸರು ಹಿಡಿದು ಕೇಳುವವರೂ ಇದ್ದಾರೆ. ಸುಗಂಧ ತೈಲಗಳನ್ನು ನಾನು ನಿತ್ಯವೂ ಬಳಸುತ್ತೇನೆ. ಆದರೆ ಮಸಾಜಿನ ಬಟ್ಟಲಿನಲ್ಲಿ ಅವುಗಳ ಪಾಲು ನೂರಕ್ಕೆ ಎರಡನ್ನು ದಾಟುವುದು ಅಪರೂಪ. ಉಳಿದದ್ದೆಲ್ಲ ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆ. ಹೆಚ್ಚಿನ ಕೆಲಸ ನಡೆಯುವುದು ಕೈಯಿಂದಲೇ. ಆದರೂ ಆ ಎರಡು ಪಾಲಿನ ವಿಷಯದಲ್ಲಿ ಬೇಕಾದ ಎಚ್ಚರ, ಉಳಿದ ತೊಂಬತ್ತೆಂಟು ಪಾಲಿನ ವಿಷಯದಲ್ಲಿ ಬೇಕಾಗುವುದಿಲ್ಲ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮಲ್ಲಿ ಅಭ್ಯಂಗಕ್ಕೆ ಬಳಸುವ ಮಹಾನಾರಾಯಣ ತೈಲ, ಕ್ಷೀರಬಲಾ ತೈಲ ಮುಂತಾದವು ಸುಗಂಧ ತೈಲಗಳಲ್ಲ. ಅವು ಮೂಲಿಕೆಗಳ ಕಷಾಯವನ್ನೂ ಅರೆದ ಕಲ್ಕವನ್ನೂ ಎಳ್ಳೆಣ್ಣೆಗೆ ಸೇರಿಸಿ, ನೀರಿನ ಅಂಶವೆಲ್ಲ ಇಂಗುವವರೆಗೆ ಕಾಯಿಸಿ ಮಾಡಿದ ಪಾಕ ತೈಲಗಳು. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು ಎಂಬುದು ಪಾಕ ಹದವಾಯಿತೆಂಬುದಕ್ಕೆ ಗುರುತು. ಅಷ್ಟು ಹೊತ್ತು ಕುದಿಸಿದ ಎಣ್ಣೆಯಲ್ಲಿ ಆವಿಯಾಗುವ ಸುವಾಸನೆಯ ಅಂಶ ಬಹುಪಾಲು ಹಾರಿಹೋಗಿರುತ್ತದೆ. ಸುಗಂಧ ತೈಲವೆಂದರೆ ಹಾಗೆ ಹಾರಿಹೋಗುವ ಅಂಶವನ್ನೇ ಹಬೆಯ ಮೂಲಕ ಹಿಡಿದು, ತಣಿಸಿ, ನೀರಿನಿಂದ ಬೇರ್ಪಡಿಸಿದ್ದು. ಪಾಕ ತೈಲವನ್ನು ಅಂಗೈ ತುಂಬ ಸುರಿದು ತಿಕ್ಕುವ ಅಭ್ಯಾಸವಿರುವವರು ಅದೇ ಧೈರ್ಯದಲ್ಲಿ ನೀಲಗಿರಿ ಎಣ್ಣೆಯನ್ನೋ ಲವಂಗದ ಎಣ್ಣೆಯನ್ನೋ ನೇರವಾಗಿ ಚರ್ಮಕ್ಕೆ ಹಚ್ಚಿಕೊಂಡು ಉರಿ ತರಿಸಿಕೊಳ್ಳುವುದು ಈ ವ್ಯತ್ಯಾಸ ತಿಳಿಯದಿರುವುದರಿಂದಲೇ.

ಸುಗಂಧ ತೈಲಗಳಿಂದ ಮಾಡುವ ಚಿಕಿತ್ಸೆಗೆ ಅರೋಮಾಥೆರಪಿ ಎಂಬ ಹೆಸರನ್ನು ಬಳಕೆಗೆ ತಂದವರು ರೆನೆ ಮಾರಿಸ್ ಗಟ್‌ಫೋಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು; ಅದೇ ಹೆಸರಿನ ಅವರ ಪುಸ್ತಕ 1937ರಲ್ಲಿ ಪ್ರಕಟವಾಯಿತು. ಆದರೆ ಸುಗಂಧ ತೈಲವನ್ನು ಸಸ್ಯಜನ್ಯ ಎಣ್ಣೆಯಲ್ಲಿ ಬೆರೆಸಿ ಮಸಾಜಿಗೆ ಬಳಸುವ ಕ್ರಮವನ್ನು ರೂಢಿಸಿದ ಶ್ರೇಯ ಹೆಚ್ಚಾಗಿ ಸಲ್ಲುವುದು ಆಸ್ಟ್ರಿಯಾ ಮೂಲದ ಮಾರ್ಗರೀಟ್ ಮೋರಿ ಅವರಿಗೆ. ಇಂದು ಸ್ಪಾಗಳಲ್ಲಿ ನಡೆಯುವ ಅರೋಮಾ ಮಸಾಜಿನ ಮೂಲವನ್ನು ಎಲ್ಲರೂ ಋಷಿಮುನಿಗಳಲ್ಲಿ ಹುಡುಕುತ್ತಾರೆ, ಅದು ಇರುವುದು ಕಳೆದ ಶತಮಾನದ ಯುರೋಪಿನಲ್ಲಿ.

ಇನ್ನು ಅಳತೆಯ ಮಾತು. ಇಡೀ ಮೈಗೆ ಮಸಾಜ್ ಮಾಡಲು ನನಗೆ ಸುಮಾರು 30 ಮಿ.ಲೀ. ಎಣ್ಣೆ ಬೇಕಾಗುತ್ತದೆ. ಒಂದು ಮಿ.ಲೀ.ಗೆ ಅಂದಾಜು 20 ಹನಿ ಎಂದು ಹಿಡಿದರೆ, ನೂರಕ್ಕೆ ಎರಡು ಪಾಲೆಂದರೆ 12 ಹನಿ. ವಯಸ್ಸಾದವರಿಗೆ, ಸೂಕ್ಷ್ಮ ಚರ್ಮದವರಿಗೆ, ಮುಖಕ್ಕೆ 6 ಹನಿಗಿಂತ ಹೆಚ್ಚು ಹಾಕುವುದಿಲ್ಲ. ಆದರೆ ಈ ಲೆಕ್ಕ ಎಲ್ಲ ತೈಲಗಳಿಗೂ ಒಂದೇ ಅಲ್ಲ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಸಿಟ್ರಾಲ್ ಇರುವುದರಿಂದ ಅದು ಚರ್ಮವನ್ನು ಕೆರಳಿಸಬಲ್ಲದು. ಸುರಕ್ಷತೆಯ ಕೈಪಿಡಿಗಳು ಅದಕ್ಕೆ ಹೇಳುವ ಮಿತಿ ನೂರಕ್ಕೆ 0.7, ಅಂದರೆ ಅದೇ ಬಟ್ಟಲಿಗೆ ನಾಲ್ಕು ಹನಿ. ದಾಲ್ಚಿನ್ನಿ ತೊಗಟೆಯ ಎಣ್ಣೆಗೆ ಮಿತಿ ನೂರಕ್ಕೆ 0.07. ಲೆಕ್ಕ ಹಾಕಿದರೆ 30 ಮಿ.ಲೀ.ಗೆ ಅರ್ಧ ಹನಿಯೂ ಆಗುವುದಿಲ್ಲ. ಅರ್ಧ ಹನಿಯನ್ನು ಅಳೆಯುವ ಸಾಹಸಕ್ಕೆ ಹೋಗದೆ ನಾನು ಅದನ್ನು ಮಸಾಜಿನಿಂದಲೇ ದೂರವಿಟ್ಟಿದ್ದೇನೆ. ನಿಂಬೆಯ ಜಾತಿಯ ಬರ್ಗಮಾಟ್ ಹಣ್ಣಿನ ಸಿಪ್ಪೆಯಿಂದ ಹಿಂಡಿ ತೆಗೆದ ಎಣ್ಣೆ ಹಚ್ಚಿಸಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಬೆಳಗಿನ ಹೊತ್ತು ಮಸಾಜ್ ಮಾಡಿಸಿಕೊಂಡು ಸ್ಕೂಟರ್ ಏರಿ ಹೊರಡುವವರೇ ಹೆಚ್ಚಿರುವ ಊರಿನಲ್ಲಿ ಅದರ ಸಹವಾಸವೂ ಬೇಡ.

ಬೆರೆಸುವ ಕೆಲಸವನ್ನು ಬಂದವರ ಎದುರಿಗೇ ಮಾಡುತ್ತೇನೆ. ಬಿಸಿನೀರಿನ ಪಾತ್ರೆಯಲ್ಲಿ ಸ್ಟೀಲ್ ಬಟ್ಟಲನ್ನಿಟ್ಟು ಎಳ್ಳೆಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ, ಪಾತ್ರೆಯಿಂದ ಹೊರಗೆ ತೆಗೆದ ಮೇಲೆಯೇ ಸುಗಂಧದ ಹನಿ ಬಿಡಬೇಕು. ಮೊದಲೇ ಬಿಟ್ಟರೆ ಕೋಣೆಯೆಲ್ಲ ಪರಿಮಳವಾಗಿ ಬಟ್ಟಲಿನಲ್ಲಿ ಏನೂ ಉಳಿಯುವುದಿಲ್ಲ. ಕಿತ್ತಳೆ, ನಿಂಬೆಯ ತೈಲಗಳು ನೀರಿನಂತೆ ಬಿರಬಿರನೆ ಬೀಳುತ್ತವೆ, ಕೈ ಅದುರಿದರೆ ನಾಲ್ಕರ ಜಾಗದಲ್ಲಿ ಎಂಟಾಗುತ್ತದೆ. ಶ್ರೀಗಂಧದ ಎಣ್ಣೆ ಹಾಗಲ್ಲ. ಸೀಸೆಯನ್ನು ಬಗ್ಗಿಸಿ ಹಿಡಿದರೂ ಅದು ಅಂಚಿನಲ್ಲಿ ದಪ್ಪಗೆ ಕೂಡಿಕೊಂಡು, ತಡೆದು ತಡೆದು ಬೀಳುತ್ತದೆ.

ಮೈಸೂರಿನಲ್ಲಿದ್ದು ಈ ಎಣ್ಣೆಯ ಬಗ್ಗೆ ನಾಲ್ಕು ಮಾತು ಹೇಳದಿರಲಾಗದು. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡುಗಳ ವ್ಯಾಪಾರ ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸಂಸ್ಥಾನವೇ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ಎಣ್ಣೆ ಇರುವುದು ಮರದ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ, ಮತ್ತು ಬೇರಿನಲ್ಲಿ. ಚೇಗು ಬಲಿಯಲು ದಶಕಗಳೇ ಬೇಕು. ಸ್ಯಾಂಟಲಾಲ್ ಎಂಬ ಅಂಶವೇ ಅದರ ಪರಿಮಳದ ಜೀವಾಳ. ಅದು ನಿಧಾನವಾಗಿ ಆವಿಯಾಗುವುದರಿಂದ ಮಸಾಜ್ ಮುಗಿದು ಬಹಳ ಹೊತ್ತಾದರೂ ಮೈಮೇಲೆ ಉಳಿದಿರುತ್ತದೆ. ಬೆಲೆ ಹೆಚ್ಚಿರುವಲ್ಲಿ ಕಲಬೆರಕೆಯೂ ಹೆಚ್ಚು. ಅಂಗಡಿಯೊಂದರಲ್ಲಿ ಶ್ರೀಗಂಧ, ಗುಲಾಬಿ, ಮಜ್ಜಿಗೆ ಹುಲ್ಲು ಮೂರಕ್ಕೂ ಒಂದೇ ಬೆಲೆಯಿದ್ದರೆ ಅಲ್ಲಿ ಮಾರುತ್ತಿರುವುದು ಸೆಂಟು, ತೈಲವಲ್ಲ. ಸಸ್ಯದ ವೈಜ್ಞಾನಿಕ ಹೆಸರು, ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆ ಇಲ್ಲದ ಸೀಸೆಯನ್ನು ನಾನು ಕೊಳ್ಳುವುದಿಲ್ಲ.

ಸುಗಂಧದಿಂದ ನಿಜಕ್ಕೂ ಏನಾಗುತ್ತದೆ? ವಾಸನೆಯ ನರಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪಿಗೆ ಸಂಬಂಧಪಟ್ಟ ಭಾಗಗಳೊಂದಿಗೆ ಬಹಳ ನೇರವಾದ ಸಂಪರ್ಕ ಹೊಂದಿವೆ. ಚರ್ಮದ ಮೂಲಕವೂ ಸ್ವಲ್ಪ ಒಳಸೇರುತ್ತದೆ: ಲ್ಯಾವೆಂಡರ್ ಬೆರೆಸಿದ ಎಣ್ಣೆಯಿಂದ ಮಸಾಜ್ ಮಾಡಿದಾಗ ಅದರ ಲಿನಲೂಲ್ ಅಂಶ ಸುಮಾರು 20 ನಿಮಿಷದಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೆ ಏರಿ, ಒಂದೂವರೆ ಗಂಟೆಯೊಳಗೆ ಬಹುಮಟ್ಟಿಗೆ ಇಳಿದುಹೋದದ್ದನ್ನು 1992ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ, ಆದರೆ ಆ ಪ್ರಯೋಗ ನಡೆದದ್ದು ಒಬ್ಬರೇ ವ್ಯಕ್ತಿಯ ಮೇಲೆ. ಆತಂಕ ತಗ್ಗುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ ಎಂದು ಹೇಳುವ ಅಧ್ಯಯನಗಳು ಹಲವಿವೆ. ಅವುಗಳ ಮುಖ್ಯ ತೊಡಕೆಂದರೆ ಪರಿಮಳವನ್ನು ಮರೆಮಾಚಲಾಗದು; ಔಷಧದ ಪರೀಕ್ಷೆಯಲ್ಲಿ ಹುಸಿ ಮಾತ್ರೆ ಕೊಟ್ಟಂತೆ ಇಲ್ಲಿ ಹುಸಿ ಲ್ಯಾವೆಂಡರ್ ಕೊಡಲು ಆಗುವುದಿಲ್ಲ. ಫಲ ಕೈಯದೋ, ಎಣ್ಣೆಯದೋ, ಒಂದು ಗಂಟೆ ಫೋನ್ ಇಲ್ಲದೆ ಮಲಗಿದ್ದರದೋ ಎಂದು ಬಿಡಿಸುವುದು ಕಷ್ಟ. ಆದ್ದರಿಂದ ಇದು ರೋಗ ಗುಣಪಡಿಸುತ್ತದೆ ಎಂಬ ಮಾತನ್ನು ನಾನು ಆಡುವುದಿಲ್ಲ.

ಇಷ್ಟವಾಗದ ಪರಿಮಳ ಎಷ್ಟು ಬೆಲೆಬಾಳಿದರೂ ವ್ಯರ್ಥ ಎಂಬುದು ಮಾತ್ರ ಖಚಿತ. ಶ್ರೀಗಂಧ ಶಾಂತಿ ಕೊಡುತ್ತದೆ ಎಂದು ಕೈಪಿಡಿಗಳು ಬರೆಯುತ್ತವೆ. ಆದರೆ ನಮ್ಮವರಲ್ಲಿ ಕೆಲವರಿಗೆ ಅದು ದೇವರ ಕೋಣೆಯನ್ನು, ಇನ್ನು ಕೆಲವರಿಗೆ ಸಾವಿನ ಮನೆಯ ಊದುಬತ್ತಿಯನ್ನು ನೆನಪಿಸುತ್ತದೆ. ಈಚೆಗಷ್ಟೇ ಯಜಮಾನರನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರು ಸೀಸೆ ಮೂಸಿ, ‘ಇದು ಬೇಡಮ್ಮ, ಬರೀ ಕೊಬ್ಬರಿ ಎಣ್ಣೆ ಹಚ್ಚು’ ಎಂದಿದ್ದರು. ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಮೂಸಿಸಿ, ಅವರು ತಲೆಯಾಡಿಸಿದ ಮೇಲೆಯೇ ಬಟ್ಟಲಿಗೆ ಹಾಕುವುದು ಉತ್ತಮ.

ಪರಿಮಳದ ಜತೆಗೆ ಔಷಧಗಳ ಪಟ್ಟಿಯನ್ನೂ ಕೇಳಬೇಕು. ನೀಲಗಿರಿಯ ಬೆಟ್ಟಗಳಿಗೆ ಪ್ರವಾಸ ಹೋದವರೆಲ್ಲ ತರುವ ವಿಂಟರ್‌ಗ್ರೀನ್ ಎಣ್ಣೆ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್. ಆಸ್ಪಿರಿನ್ ವರ್ಗಕ್ಕೆ ಸೇರಿದ ಈ ವಸ್ತು ಚರ್ಮದ ಮೂಲಕ ಒಳಹೋಗಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಮಂಡಿನೋವಿಗೆಂದು ಅದನ್ನು ತಿಕ್ಕಿಸಿಕೊಳ್ಳಲು ಬರುವವರೂ, ಹೃದಯದ ಶಸ್ತ್ರಚಿಕಿತ್ಸೆಯಾಗಿ ವಾರ್ಫರಿನ್ ನುಂಗುವವರೂ ಅನೇಕ ವೇಳೆ ಒಬ್ಬರೇ ಆಗಿರುತ್ತಾರೆ. ಕರ್ಪೂರ ಮತ್ತು ನೀಲಗಿರಿ ಎಣ್ಣೆಗಳಿಂದ ಅಪಸ್ಮಾರದ ಸೆಳವು ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರೇ ವರದಿ ಮಾಡಿದ್ದಾರೆ. ಎಳೆಯ ಮಕ್ಕಳ ಮುಖದ ಬಳಿ ಇವೆರಡನ್ನೂ ತರಲೇಬಾರದು. ಗರ್ಭಿಣಿಯರು ಬಂದರೆ ನಾನು ಬರೀ ಬಾದಾಮಿ ಎಣ್ಣೆಯಲ್ಲಿ ಕೆಲಸ ಮುಗಿಸುತ್ತೇನೆ.

ಬಂದವರ ಮೈಗೆ ಎಣ್ಣೆ ತಾಗುವುದು ಒಂದು ಗಂಟೆ. ನಮ್ಮ ಕೈಗೆ ದಿನವಿಡೀ. ಲ್ಯಾವೆಂಡರ್, ನಿಂಬೆ ತೈಲಗಳು ಗಾಳಿ ತಾಗಿ ಹಳೆಯದಾದಂತೆ ಅಲರ್ಜಿ ತರುವ ಗುಣ ಪಡೆಯುತ್ತವೆ, ಈ ವೃತ್ತಿಯವರಲ್ಲಿ ಬೆರಳ ಸಂದಿಯ ಇಸುಬು ಅಪರೂಪವಲ್ಲ. ಸೀಸೆ ತೆರೆದ ದಿನವನ್ನು ಅದರ ಮೇಲೇ ಬರೆದು, ಕಂದು ಗಾಜಿನಲ್ಲಿ ತಂಪಾದ ಜಾಗದಲ್ಲಿಟ್ಟು, ಹಳೆಯದಾದದ್ದನ್ನು ಹೊಟ್ಟೆಯುರಿದರೂ ಚೆಲ್ಲಿಬಿಡಬೇಕು. ಒಬ್ಬರು ಹೋಗಿ ಮತ್ತೊಬ್ಬರು ಬರುವ ನಡುವೆ ಕಿಟಕಿ ತೆರೆದಿಡಬೇಕು. ಎಣ್ಣೆ ಹೀರಿದ ಟವೆಲ್‌ಗಳ ಬಗ್ಗೆಯೂ ಎಚ್ಚರವಿರಲಿ: ಅವನ್ನು ಡ್ರೈಯರ್‌ನಲ್ಲಿ ಒಣಗಿಸಿ ಬಿಸಿಬಿಸಿಯಾಗಿಯೇ ರಾಶಿ ಹಾಕಿದಾಗ ತಾವಾಗಿಯೇ ಹೊತ್ತಿಕೊಂಡ ಉದಾಹರಣೆಗಳಿವೆ. ನಾವು ಬಿಸಿನೀರು ಮತ್ತು ಸೋಡಾಪುಡಿಯಲ್ಲಿ ನೆನೆಸಿ ಒಗೆದು, ತಾರಸಿಯ ಮೇಲೆ ಬಿಡಿಬಿಡಿಯಾಗಿ ಹರವುತ್ತೇವೆ.