ಸೈಲೇಜ್ ಚೀಲ ಮತ್ತು ಗಾಳಿ ದೋಣಿ

ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟದಲ್ಲಿ ಒಂದು ಕೃಷಿಹೊಂಡ ಇದೆ. ಹೋದ ಬೇಸಿಗೆಯಲ್ಲಿ ಮೋಟರಿಗೆ ನೀರೆಳೆಯೋ ಪೈಪಿನ ತುದಿಯ ಫುಟ್‌ವಾಲ್ವನ್ನು ತೇಲಿಸಲು ಕಟ್ಟಿದ್ದ ಖಾಲಿ ಕ್ಯಾನ್ ಬಿಚ್ಚಿಕೊಂಡು, ವಾಲ್ವ್ ಕೆಸರಿಗೆ ಇಳಿಯಿತು. ಮೋಟರ್ ಹಾಕಿದರೆ ಬರೀ ರಾಡಿ. ಈಜಿ ಹೋಗೋಣ ಅಂದರೆ ಪ್ಲಾಸ್ಟಿಕ್ ಶೀಟ್ ಹಾಸಿದ ಹೊಂಡ. ಇಳಿಯೋದು ಸುಲಭ, ಹತ್ತೋಕೆ ಕಾಲು ನಿಲ್ಲೋದಿಲ್ಲ.

ಅಕ್ಕನ ಮಗ ರಜಕ್ಕೆ ಬಂದಿದ್ದ. ಅಟ್ಟದ ಮೇಲಿನ ಅವನ ಗಾಳಿ ದೋಣಿ ಇಳಿಸಿದೆವು. ದೋಣಿ ನೆಟ್ಟಗಿತ್ತು, ಕಾಲಲ್ಲಿ ಒತ್ತೋ ಪಂಪನ್ನು ಇಲಿ ತಿಂದಿತ್ತು.

ಸೈಕಲ್ ಪಂಪಿಗೆ ಬಟ್ಟೆ ಸುತ್ತಿ ಒತ್ತಿದೆ. ಒಂದು ಒತ್ತಿಗೆ ಅರ್ಧ ಲೀಟರ್ ಗಾಳಿಯೂ ಬರದು, ದೋಣಿಗೋ 150 ಲೀಟರಿಗಿಂತ ಜಾಸ್ತಿ ಬೇಕು. ತೋಳು ಬಿತ್ತು, ದೋಣಿ ಏಳಲಿಲ್ಲ. ಪಂಚರ್ ಅಂಗಡಿಗೆ ಹೊತ್ತೊಯ್ದರೆ ಅವನು ಕೈ ಅಡ್ಡ ಹಿಡಿದ. "ಅಣ್ಣ, ಇದು ಲಾರಿಗೆ 100 ಪಾಯಿಂಟ್ ಹೊಡಿಯೋ ಮಿಷನ್ನು. ನಿಮ್ದಕ್ಕೆ ಒಂದು ಪಾಯಿಂಟ್ ಸಾಕು. ಪಟ್ ಅಂತ ಅಂಟು ಬಿಡ್ತದೆ."

ಮನೆಗೆ ಬಂದಾಗ ಕೊಟ್ಟಿಗೆ ಮುಂದೆ ಸೈಲೇಜ್ (ಗಾಳಿಯಾಡದಂತೆ ಕಟ್ಟಿ ಹುಳಿ ಬರಿಸಿದ ಹಸಿ ಮೇವು) ಮುಗಿದ ಚೀಲವೊಂದು ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ಉರುಳುತ್ತಿತ್ತು. ದೋಣಿಗೆ ಬೇಕಾದ್ದೂ ಅಷ್ಟೇ ಅಲ್ವಾ? ಜೋರು ಬೇಡ, ಗಾಳಿ ಜಾಸ್ತಿ ಬೇಕು.

ಒಳಗಿನ ದಪ್ಪ ಪ್ಲಾಸ್ಟಿಕ್ ಕವರ್ ತೆಗೆದು, ಮೂಲೆಯಲ್ಲಿ ಹೆಬ್ಬೆರಳು ಹೋಗುವಷ್ಟು ಕತ್ತರಿಸಿದೆ. ಡ್ರಿಪ್ ಪೈಪಿನ ತುಂಡು ತೂರಿಸಿ ದಾರ ಬಿಗಿದೆ. ಮೊದಲ ಸಲ ಅಮುಕಿದಾಗಲೇ ಪೈಪು ಪುಸ್ ಅಂತ ಹಾರಿ ಅಮ್ಮನ ಕಾಲ ಬಳಿ ಬಿತ್ತು. ನುಣ್ಣಗಿನ ಪೈಪಿಗೆ ಕಟ್ಟು ನಿಲ್ಲುತ್ತಾ? ಆಮೇಲೆ ಮೈಯೆಲ್ಲ ಏಣು ಇರುವ ಡ್ರಿಪ್ ಜಾಯ್ನರ್ ಹಾಕಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಳೆದು ಸುತ್ತಿದೆ. ದೋಣಿ ಕಡೆಯ ತುದಿಗೂ ಅದೇ ಪಟ್ಟಿ, ವಾಲ್ವಿನಲ್ಲಿ ಬಿಗಿಯಾಗಿ ಕೂರಲಿ ಅಂತ. ವಾಲ್ವಿನ ಒಳಗೆ ರಬ್ಬರ್ ನಾಲಿಗೆ ಇದೆ, ಹೋದ ಗಾಳಿ ವಾಪಸ್ ಬರದು.

ಚೀಲದ ಬಾಯಿ ಅಗಲಿಸಿ ಗಾಳಿಗೆ ಎದುರಾಗಿ ಬೀಸಬೇಕು, ತಟ್ಟನೆ ಬಾಯಿ ತಿರುಚಿ ಎದೆ ಕೊಟ್ಟು ಅಮುಕಬೇಕು. "ಕುಲುಮೆ ತಿದಿ ಮಾಡ್ಬಿಟ್ಟಲ್ಲೋ" ಅಂದಳು ಅಮ್ಮ. ಒಂಬತ್ತನೇ ಚೀಲಕ್ಕೆ ದೋಣಿ ಎದ್ದು ಕೂತಿತು. ಆದರೆ ಮೆತ್ತಗಿತ್ತು. ಕೊನೆಯ ಬಿಗಿ ಚೀಲದಿಂದ ಬರೋದಿಲ್ಲ. ಬೈದು ಬಿಸಾಕಿದ್ದ ಸೈಕಲ್ ಪಂಪನ್ನೇ ಹುಡುಕಿ ತಂದೆ.

"ಮಾಮಾ, ತಮಟೆ ಥರ ಆಗ್ಬೇಕು" ಅಂದ ಹುಡುಗ. ನಾನು ಒಪ್ಪಲಿಲ್ಲ. ಮಟಮಟ ಮಧ್ಯಾಹ್ನ, ಬಿಸಿಲಿಗೆ ಒಳಗಿನ ಗಾಳಿ ಇನ್ನೂ ಹಿಗ್ಗುತ್ತೆ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋದೆ, ಇನ್ನೊಂದು ತುದಿ ದಡದ ಮಾವಿನ ಮರಕ್ಕೆ. ಕ್ಯಾನ್ ಕಟ್ಟಿ ಬರಲು ಹತ್ತು ನಿಮಿಷ ಸಾಕಾಯಿತು.

ಸಂಜೆ ಕೊಟ್ಟಿಗೆ ಹತ್ತಿರ ದೋಣಿಯ ಗಾಳಿ ಬಿಟ್ಟೆವು. ಗಮ್ಮಂತ ಸೈಲೇಜಿನ ಹುಳಿ ವಾಸನೆ. ಸೀಮೆ ಹಸು ಕತ್ತು ಚಾಚಿ ಅಂಬಾ ಅಂದಿತು.