ದೊಡ್ಡ ಗಾಜು ಹಾಕಿಸಿದ್ರೆ ಸಾಕಲ್ವಾ?

ಊರಿನ ಲೈಬ್ರರಿ ರಿಪೇರಿ ಮಾಡಿಸಲು ಹೊರಟವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ. "ಸರ್, ಒಳಗೆ ಒಂಥರಾ ಕತ್ತಲೆ. ರಸ್ತೆ ಕಡೆ ಗೋಡೆ ಒಡೆಸಿ ದೊಡ್ಡ ಗಾಜು ಹಾಕಿಸಿದ್ರೆ ಸಾಕಲ್ವಾ?" ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇರಲಿ, ಬಡಾವಣೆಯ ಓದುವ ಕೋಣೆ ಇರಲಿ, ಪ್ರಶ್ನೆ ಒಂದೇ.

ಸಾಕಾಗುವುದಿಲ್ಲ. ಎಷ್ಟೋ ಕಡೆ ಅದು ಬೇಕೂ ಇಲ್ಲ. ನಮ್ಮಲ್ಲಿ ಬೆಳಕಿಗೆ ಬರ ಬಂದಿಲ್ಲ. ಮೋಡ ಕವಿದ ಹಗಲಲ್ಲೂ ಹೊರಗೆ ಸುಮಾರು 10,000 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕಿರುತ್ತದೆ. ಓದಲು 300 ಲಕ್ಸ್ ಇದ್ದರೆ ಆಯಿತು. ಬೇಕಾಗಿರುವುದು ಬೆಳಕನ್ನು ಪಳಗಿಸಿ ಒಳಗೆ ಕರೆದುಕೊಳ್ಳುವುದು.

ನಾನಿದನ್ನು ಕಲಿತದ್ದು ನನ್ನ ತಪ್ಪಿನಿಂದಲೇ. ತುಂಬಾ ವರ್ಷಗಳ ಹಿಂದೆ ಒಂದು ಸಣ್ಣ ಊರಿನ ಓದುವ ಕೋಣೆಗೆ ಪಶ್ಚಿಮದ ಗೋಡೆ ಪೂರ್ತಿ ಗಾಜು ಹಾಕಿಸಿದೆ. ಉದ್ಘಾಟನೆ ಬೆಳಗ್ಗೆ ಇತ್ತು, ಎಲ್ಲರೂ ಹೊಗಳಿದರು. ಎರಡು ತಿಂಗಳು ಬಿಟ್ಟು ಸಂಜೆ ನಾಲ್ಕಕ್ಕೆ ಹೋದೆ. ಗಾಜಿನ ತುಂಬಾ ಹಳೇ ಪೇಪರ್ ಅಂಟಿಸಿದ್ದರು. ಅಂಟು ಬಿಟ್ಟ ಒಂದು ಮೂಲೆಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಅಲ್ಲಿ ಕೂತಿದ್ದ ತಾತ ಎಡಗೈಯನ್ನು ಹಣೆಗೆ ಅಡ್ಡ ಹಿಡಿದು, ಬಲಗೈಯಲ್ಲಿ ಪತ್ರಿಕೆ ಹಿಡಿದುಕೊಂಡು ಓದುತ್ತಿದ್ದರು. ಪುಟ ತಿರುಗಿಸಬೇಕಾದಾಗ ಹಣೆಯ ಕೈ ಇಳಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೋಣೆಯ ಆ ಕೊನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಯಾಕೆಂದರೆ ಕಣ್ಣು ಬೆಳಕನ್ನು ಅಳೆಯುವುದಿಲ್ಲ, ಹೋಲಿಸುತ್ತದೆ. ಒಂದು ಕಡೆ ಬಿಸಿಲು ಕುಕ್ಕುತ್ತಿದ್ದರೆ ಉಳಿದದ್ದೆಲ್ಲ ಕತ್ತಲೆಯಾಗಿಯೇ ಕಾಣುತ್ತದೆ.

ಹಾಗಾಗಿ ಈಗ ನಾನು ಮೊದಲು ನೋಡುವುದು ಬೀರುಗಳನ್ನು. ನಂಬಿ, ಹತ್ತರಲ್ಲಿ ಆರೇಳು ಲೈಬ್ರರಿಗಳಲ್ಲಿ ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಬೀರು ನಿಂತಿರುತ್ತದೆ. ಬಿಸಿಲಿಗೆ ಪುಸ್ತಕದ ಬೆನ್ನು ಬಣ್ಣ ಕಳೆದುಕೊಳ್ಳುತ್ತದೆ, ಓದುವವರು ಕತ್ತಲೆಯಲ್ಲಿ ಕೂರುತ್ತಾರೆ. ಇದನ್ನು ತಿರುಗಿಸಿದರೆ ಸಾಕು. ಪುಸ್ತಕಕ್ಕೆ ಕತ್ತಲೆಯ ಗೋಡೆ, ಮನುಷ್ಯರಿಗೆ ಕಿಟಕಿ. ನಾಲ್ಕು ಜನ ಸೇರಿದರೆ ಒಂದು ಬೆಳಗಿನ ಕೆಲಸ, ಖರ್ಚಿಲ್ಲ.

ಆಮೇಲೆ ತಲೆ ಎತ್ತಿ ನೋಡುತ್ತೇನೆ. ಹಳೇ ಕಟ್ಟಡಗಳಲ್ಲಿ ಕಿಟಕಿಯ ಮೇಲೆ ವೆಂಟಿಲೇಟರ್ ಇದ್ದೇ ಇರುತ್ತದೆ. ಯಾರೋ ಯಾವಾಗಲೋ ಅದರ ಗಾಜಿಗೂ ಬಣ್ಣ ಹೊಡೆದಿರುತ್ತಾರೆ, ಇಲ್ಲವೇ ರಟ್ಟು ತುರುಕಿರುತ್ತಾರೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟು ದೂರದವರೆಗೆ ಒಳ್ಳೆಯ ಬೆಳಕು ಹೋಗುತ್ತದೆ, ಇದು ನಮ್ಮ ಕಸುಬಿನ ಅಂದಾಜು. 7 ಅಡಿಯ ಕಿಟಕಿಯಿಂದ 14 ಅಡಿ. 10 ಅಡಿ ಎತ್ತರದ ವೆಂಟಿಲೇಟರ್ ತೆರೆದರೆ 20 ಅಡಿ. ಬಣ್ಣ ಕೆರೆದು ಗಾಜು ತೊಳೆಸಿ. ಛಾವಣಿಯ ಒಳಮೈಗೆ ಹೊಳಪಿಲ್ಲದ ಬಿಳಿ ಹೊಡೆಸಿ. ಮೇಲಿನಿಂದ ಬಂದ ಬೆಳಕು ಛಾವಣಿಗೆ ತಾಗಿ ಮೆತ್ತಗಾಗಿ ಪುಟದ ಮೇಲೆ ಇಳಿಯುತ್ತದೆ.

ಹೊಸ ಕಿಟಕಿ ಇಡಲೇಬೇಕು ಅಂದರೆ ಉತ್ತರಕ್ಕೆ ಇಡಿ. ಬೆಂಗಳೂರಿನ ಲೆಕ್ಕ ಹೇಳುತ್ತೇನೆ. ಜೂನ್ 21ರ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸ್ವಲ್ಪವೇ ವಾಲಿರುತ್ತಾನೆ. 4 ಅಡಿ ಎತ್ತರದ ಕಿಟಕಿಗೆ 1 ಅಡಿ ಸಜ್ಜಾ ಇದ್ದರೆ ಆ ಹೊತ್ತಿನ ಬಿಸಿಲು ಒಳಗೆ ಬರದು. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಗೆ ಅದೇ ಕೆಲಸಕ್ಕೆ 3 ಅಡಿ ಸಜ್ಜಾ ಬೇಕು. ಪಶ್ಚಿಮಕ್ಕೆ ಯಾವ ಸಜ್ಜಾವೂ ಸಾಲದು, ಸಂಜೆ ಬಿಸಿಲು ಅದರ ಕೆಳಗೇ ನುಗ್ಗುತ್ತದೆ. ಅಲ್ಲಿ ಇಟ್ಟಿಗೆಯ ಜಾಲಿ, ಅಂದರೆ ಸಣ್ಣ ಕಿಂಡಿಗಳಿರುವ ಗೋಡೆ ಕಟ್ಟಿಸಿ, ಹೊರಗೆ ಒಂದು ಹೊಂಗೆ ಗಿಡ ನೆಡಿ. ಯುಗಾದಿ ಹೊತ್ತಿಗೆ ಚಿಗುರಿ, ಬೇಸಿಗೆಯಲ್ಲಿ ನೆರಳು ಬೇಕಾದಾಗಲೇ ದಟ್ಟವಾಗಿರುತ್ತದೆ.

"ಮೇಲಿನಿಂದ ಬೆಳಕು ಬಿಡಬಹುದಲ್ವಾ? ಫಾರಿನ್ ಲೈಬ್ರರಿಗಳಲ್ಲಿ ಹಾಗಿದೆ" ಅನ್ನುವವರೂ ಇದ್ದಾರೆ. ಹೌದು, ಇದೆ. ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1935ರಲ್ಲಿ ಮುಗಿಸಿದ ವೀಪುರಿ ಲೈಬ್ರರಿಯ ಸೂರಿನಲ್ಲಿ 57 ದುಂಡು ಬೆಳಕಿಂಡಿಗಳಿವೆ. ಆ ಊರು ಈಗ ರಷ್ಯಾದಲ್ಲಿದೆ. ಬೆಳಕು ಎಲ್ಲ ಕಡೆಯಿಂದ ಇಳಿಯುವುದರಿಂದ ಅಲ್ಲಿ ಓದುವವರ ತಲೆಯ ನೆರಳು ಪುಟದ ಮೇಲೆ ಬೀಳುವುದಿಲ್ಲ. ನನಗೆ ತುಂಬಾ ಇಷ್ಟವಾದ ಕೋಣೆ ಅದು. ಆದರೆ ಅಷ್ಟು ಉತ್ತರದಲ್ಲಿ ಬೇಸಿಗೆಯಲ್ಲೂ ಸೂರ್ಯ ನೆತ್ತಿಗೆ ಬರುವುದಿಲ್ಲ, ಆಳವಾದ ಕಿಂಡಿಯೊಳಗೆ ಬಿಸಿಲು ನೇರ ಇಳಿಯುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಅದೇ ಕಿಂಡಿ ಇಲ್ಲಿದ್ದರೆ ಬಿಸಿಲು ಪುಸ್ತಕದ ಮೇಲೇ ಬೀಳುತ್ತದೆ. ನಮಗೆ ಗಾಜಿನ ಹೆಂಚು ಗೊತ್ತೇ ಇದೆಯಲ್ಲ. ಹೆಂಚಿನ ಸೂರಾದರೆ ಉತ್ತರದ ಇಳಿಜಾರಿನಲ್ಲಿ ನಾಲ್ಕೈದು ಹಾಕಿ, ಕೆಳಗೆ ಬಿಳಿ ಪಂಚೆಯಂಥ ತೆಳು ಬಟ್ಟೆ ಬಿಗಿದು ಕಟ್ಟಿ.

ನೆಮ್ಮದಿಯ ವಿಷಯಕ್ಕೆ ಬಂದರೆ, ಬೆಳಕು ಸರಿಯಾದ ಮೇಲೆ ಉಳಿಯುವುದು ಸದ್ದು. ಕುರ್ಚಿ ಕಾಲಿಗೆ ರಬ್ಬರ್ ಬುಶ್ ಹಾಕಿಸಿ, ಬಾಗಿಲಿಗೆ ಎಣ್ಣೆ ಬಿಡಿ, ಟಿಕ್ ಟಿಕ್ ಅನ್ನುವ ಫ್ಯಾನ್ ಸರಿ ಮಾಡಿಸಿ. ಪೇಪರ್ ಓದುವ ಹಿರಿಯರಿಗೆ ಜಗಲಿ ಬಿಟ್ಟುಕೊಡಿ. ಅವರಿಗೆ ನಾಲ್ಕು ಮಾತು ಬೇಕು, ಒಳಗೆ ಪರೀಕ್ಷೆಗೆ ಓದುವ ಹುಡುಗರಿಗೆ ಅದು ಬೇಡ.

ಗೋಡೆ ಒಡೆಸುವ ಮುಂಚೆ ಒಂದು ಕೆಲಸ ಮಾಡಿ. ಒಂದು ಸೀಮೆಸುಣ್ಣ ತಗೊಂಡು ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ನೆಲದ ಮೇಲೆ ಬಿಸಿಲು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ಹೊತ್ತು ಬರೆಯಿರಿ. ಆ ಗೆರೆಗಳ ಫೋಟೋ ನನಗೆ ಕಳಿಸಿ, ಅಲ್ಲಿಂದ ಮಾತು ಶುರು ಮಾಡೋಣ.