ಕಿಮರಿಡ್ಜ್ ಕೊಲ್ಲಿ: ತಣ್ಣೀರ ಸ್ನಾರ್ಕೆಲಿಂಗ್ ಲಾಗ್, ಮಾರ್ಚ್‌ನಿಂದ ಡಿಸೆಂಬರ್

ಜಾಗ: ಇಂಗ್ಲೆಂಡಿನ ತೆಂಕಣ ಕರಾವಳಿ, ಡಾರ್ಸೆಟ್‌ನ ಕಿಮರಿಡ್ಜ್. ಲಂಡನ್ನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ನೇತ್ರಾಣಿಯಲ್ಲಿ ಸ್ನಾರ್ಕೆಲಿಂಗ್ ಕಲಿತು ಇಲ್ಲಿಗೆ ಬಂದವರಿಗೆ ಮೊದಲ ಪಾಠ ಥರ್ಮಾಮೀಟರಿನದು. ಅಲ್ಲಿ ನೀರು 27–28 ಡಿಗ್ರಿ, ಬರೀ ಟೀ-ಶರ್ಟ್ ಹಾಕಿಕೊಂಡು ಒಂದು ಗಂಟೆ ತೇಲಬಹುದು. ಇಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ 8–9 ಡಿಗ್ರಿ, ಆಗಸ್ಟ್ ಕೊನೆಗೆ ಹೆಚ್ಚೆಂದರೆ 17–18.

ಪ್ರತಿ ಸಲವೂ ಬರೆದಿಡುವುದು ಆರು ವಿಷಯ: ಸೊಂಟದ ಆಳದಲ್ಲಿ ಅಳೆದ ನೀರಿನ ಉಷ್ಣತೆ, ಗಾಳಿಯ ದಿಕ್ಕು, ವೆಟ್‌ಸೂಟು (ಮೈ ಬೆಚ್ಚಗಿಡುವ ರಬ್ಬರಿನ ಈಜುಡುಪು) ಮತ್ತು ಗ್ಲೌಸಿನ ದಪ್ಪ, ಮುಳುಗಲು ಸೊಂಟದ ಬೆಲ್ಟಿಗೆ ಹಾಕುವ ಸೀಸದ ತೂಕ, ನೀರಲ್ಲಿದ್ದ ನಿಮಿಷ, ಮತ್ತು ಹೊರಗೆ ಬರಲು ಕಾರಣ. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಈ ಕೊನೆಯ ಅಂಕಣ. ಅಲ್ಲಿ ‘ಮೈ ಚಳಿ’ ಎಂದು ಬರೆದದ್ದು ಅಪರೂಪ, ‘ಕೈ’ ಎಂದು ಬರೆದದ್ದೇ ಹೆಚ್ಚು. ಹಾಗಾಗಿ ಈ ವರ್ಷದ ಕೆಲಸ ಬಹುಪಾಲು ಕೈಗೆ, ಉಳಿದದ್ದು ತಲೆಗೆ ಮತ್ತು ತೂಕಕ್ಕೆ.

ಮಾರ್ಚ್, 8–9 ಡಿಗ್ರಿ

5 ಮಿ.ಮೀ. ಸೂಟಿನ ಒಳಗೆ ತಲೆಗವಸು ಸೇರಿಯೇ ಇರುವ 2 ಮಿ.ಮೀ. ಬನಿಯನ್. ಹೊಸ 7 ಮಿ.ಮೀ. ಸೂಟು ಕೊಳ್ಳುವುದಕ್ಕಿಂತ ಇದು ಅಗ್ಗ, ಮತ್ತು ಒಂದು ಕಾರಣಕ್ಕೆ ಉತ್ತಮ ಕೂಡ. ಸೂಟು ತಣ್ಣಗಾಗುವುದು ಬಟ್ಟೆ ತೆಳುವಾದ್ದರಿಂದಷ್ಟೇ ಅಲ್ಲ, ಒಳಗೆ ಬೆಚ್ಚಗಾದ ನೀರು ಕತ್ತಿನಿಂದ ಹೊರಟು ಹೋಗಿ ಹೊಸ ನೀರು ನುಗ್ಗುವುದರಿಂದಲೂ. ಬನಿಯನ್ನಿಗೇ ಸೇರಿದ ತಲೆಗವಸು ಕತ್ತಿನ ಆ ಬಾಗಿಲನ್ನು ಮುಚ್ಚುತ್ತದೆ. ಬಿಡಿ ತಲೆಗವಸಾದರೆ ಅದರ ಅಂಚನ್ನು ಸೂಟಿನ ಕಾಲರಿನ ಒಳಗೆ ಸುತ್ತಲೂ ಸೇರಿಸಬೇಕು. ಒಂದು ಕಡೆ ಮಡಿಚಿಕೊಂಡರೂ ಬೆನ್ನಿನ ಮೇಲೆ ನೀರು ಇಳಿಯುತ್ತಲೇ ಇರುತ್ತದೆ.

ನೀರಿಗೆ ಇಳಿಯುವ ಕ್ರಮ: ಸೊಂಟದವರೆಗೆ ನಡೆದು ನಿಲ್ಲುವುದು. ಮುಖಕ್ಕೂ ಕತ್ತಿಗೂ ನೀರು ಎರಚಿಕೊಳ್ಳುವುದು. ಉಸಿರನ್ನು ಉದ್ದವಾಗಿ ಬಿಡುತ್ತಾ ಕಾಯುವುದು. ತಣ್ಣೀರಿನ ಆಘಾತಕ್ಕೆ ಉಸಿರು ತಾನಾಗಿಯೇ ಏದುಸಿರಾಗುವುದು ಮೊದಲ ಒಂದರಿಂದ ಮೂರು ನಿಮಿಷ. ಆ ಹೊತ್ತಿನಲ್ಲಿ ಸ್ನಾರ್ಕೆಲ್ ಬಾಯಲ್ಲಿದ್ದು ಮುಖ ನೀರೊಳಗಿದ್ದರೆ ಒಂದು ಗುಟುಕು ಉಪ್ಪುನೀರೇ ಸಾಕು, ಗಾಬರಿಗೆ. ಮಾತಾಡುವಾಗ ವಾಕ್ಯ ತುಂಡಾಗದೆ ಬಂದ ಮೇಲೆಯೇ ಮಾಸ್ಕ್. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ನೀರಿಗೆ ಇಳಿಯಲೇಬಾರದು.

ಕೈಗೆ 3 ಮಿ.ಮೀ. ಐದು ಬೆರಳಿನ ಗ್ಲೌಸ್. ಇಪ್ಪತ್ತನೇ ನಿಮಿಷದ ಸುಮಾರಿಗೆ ಬೆರಳು ಮರಗಟ್ಟಿತು. ಮೈ ಮಾತ್ರ ಬೆಚ್ಚಗೇ ಇತ್ತು. ಅಪಾಯ ಇರುವುದೇ ಇಲ್ಲಿ: ಮೈ ಬೆಚ್ಚಗಿದೆ ಎಂದು ಮುಂದುವರಿದರೆ, ಬೆಲ್ಟಿನ ಬಕಲ್ ಬಿಚ್ಚಬೇಕಾದ ಕೈ ಅಷ್ಟರಲ್ಲೇ ಸೋತಿರುತ್ತದೆ. ಅಂದಿನಿಂದ ಹತ್ತು ನಿಮಿಷಕ್ಕೊಮ್ಮೆ ಬೆರಳ ಪರೀಕ್ಷೆ. ಹೆಬ್ಬೆರಳಿನ ತುದಿ ಕಿರುಬೆರಳಿನ ತುದಿಗೆ ತಾಗಬೇಕು, ಎರಡೂ ಕೈಯಲ್ಲಿ. ಒಂದರಲ್ಲಿ ತಾಗದಿದ್ದರೂ ಅಂದಿನ ಈಜು ಮುಗಿಯಿತು.

ಏಪ್ರಿಲ್, 9–10 ಡಿಗ್ರಿ

ಗ್ಲೌಸ್ ಬದಲಾವಣೆ: 5 ಮಿ.ಮೀ., ಮೂರು ಬೆರಳಿನದು. ಬೆರಳುಗಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ಬಿಸಿ ಹಂಚಿಕೊಳ್ಳುತ್ತವೆ. ಪರೀಕ್ಷೆಯಲ್ಲಿ ಸೋಲುವ ಹೊತ್ತು ನಲವತ್ತು ನಿಮಿಷದ ಹತ್ತಿರಕ್ಕೆ ಹೋಯಿತು. ಕ್ಯಾಮೆರಾದ ಸಣ್ಣ ಗುಂಡಿ ಒತ್ತುವುದು ಇದರಲ್ಲಿ ಕಷ್ಟ. ಆ ನಷ್ಟ ಒಪ್ಪಬಹುದು.

ಫ್ಲಾಸ್ಕಿನಲ್ಲಿ ಸ್ನಾನದ ನೀರಿನಷ್ಟು ಬೆಚ್ಚಗಿನ ನೀರು ಒಯ್ದು, ಇಳಿಯುವ ಮುನ್ನ ಗ್ಲೌಸ್ ಒಳಗೆ ತುಂಬಿದರೆ ಮೊದಲ ತಣ್ಣೀರು ಒಳಗೆ ಬರಲು ಜಾಗವಿರುವುದಿಲ್ಲ. ಕುದಿಯುವ ನೀರು ಬೇಡ, ಮರಗಟ್ಟಿದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ. ಮಣಿಕಟ್ಟಿನಲ್ಲಿ ಸೂಟಿನ ತೋಳು ಗ್ಲೌಸಿನ ಒಳಗಿರಬೇಕೋ ಹೊರಗಿರಬೇಕೋ ಎಂದು ಎರಡನ್ನೂ ನೋಡಿದ್ದಾಯಿತು. ಗ್ಲೌಸನ್ನು ಮೊದಲು ಹಾಕಿ ಅದರ ಮೇಲೆ ತೋಳನ್ನು ಎಳೆದರೆ ಕೈ ಬೀಸಿದಾಗ ನೀರು ನುಗ್ಗುವುದು ಕಡಿಮೆ. ಆದರೆ ಎರಡನೇ ಗ್ಲೌಸಿಗೆ ಜೊತೆಯವರ ಸಹಾಯ ಬೇಕೇಬೇಕು.

ಮೇ

ನೀರು ಹಸಿರು ಗಂಜಿಯಂತೆ. ಬಿಸಿಲು ಹೆಚ್ಚಾದೊಡನೆ ಸೂಕ್ಷ್ಮ ಪಾಚಿ ಒಮ್ಮೆಲೇ ಬೆಳೆಯುವ ಕಾಲ ಇದು. ಎರಡು ಮೀಟರ್ ಆಚೆ ಕಾಣದು. ಕೊಲ್ಲಿಯ ಸುತ್ತ ಇರುವುದು ಕಪ್ಪು ಜೇಡಿಪದರದ ದಿಬ್ಬ, ನೈಋತ್ಯದ ಗಾಳಿ ಜೋರಾದರೆ ಅದೂ ಕರಗಿ ಸೇರುತ್ತದೆ. ಅಂಥ ಗಾಳಿ ನಿಂತ ಮೇಲೂ ಎರಡು ಮೂರು ದಿನ ಬಿಟ್ಟು ಹೋಗುವುದೇ ಸರಿ. ಉತ್ತರದ ಗಾಳಿ ನೆಲದಿಂದ ಬೀಸುವುದರಿಂದ ನೀರು ನುಣುಪಾಗಿ ಕಾಣುತ್ತದೆ, ಆದರೆ ತೇಲುತ್ತಿರುವವರನ್ನು ಕಡಲ ಕಡೆಗೇ ತಳ್ಳುತ್ತದೆ. ಅಂಥ ದಿನ ಕೊಲ್ಲಿಯ ಬಾಯಿ ದಾಟುವುದಿಲ್ಲ.

ಪಶ್ಚಿಮಕ್ಕಿರುವ ಬ್ರಾಡ್ ಬೆಂಚ್ ಬಂಡೆ ಲಲ್‌ವರ್ತ್ ಸೇನಾ ಗುಂಡುಹಾರಾಟದ ವಲಯದಲ್ಲಿದೆ. ಹೊರಡುವ ಮುನ್ನ ಆ ದಿನದ ವೇಳಾಪಟ್ಟಿ ನೋಡಲೇಬೇಕು.

ಜೂನ್–ಜುಲೈ, 13–16 ಡಿಗ್ರಿ

ಬನಿಯನ್ ತೆಗೆದು 5 ಮಿ.ಮೀ. ಮಾತ್ರ. ಹಾಗಾಗಿ ತೂಕದ ಲೆಕ್ಕ ಮತ್ತೆ ಮೊದಲಿನಿಂದ. ಸೂಟಿನ ಬಟ್ಟೆಯಾದ ನಿಯೋಪ್ರೀನ್ ಎಂದರೆ ಗಾಳಿಗುಳ್ಳೆ ತುಂಬಿದ ರಬ್ಬರು. ಮೇಲೆ ತೇಲಿಸುತ್ತದೆ, ಕೆಳಗೆ ಹೋದಂತೆ ಹಿಂಡಿಕೊಂಡು ತೇಲಿಸುವ ಶಕ್ತಿ ಕಳೆದುಕೊಳ್ಳುತ್ತದೆ. 10 ಮೀಟರಿನಲ್ಲಿ ಒತ್ತಡ ಮೇಲಿನ ಎರಡರಷ್ಟು, ಗುಳ್ಳೆಗಳ ಗಾತ್ರ ಹೆಚ್ಚುಕಡಿಮೆ ಅರ್ಧ. ಮೇಲ್ಮೈಯಲ್ಲಿ ‘ಸರಿಯಾಗಿ ಮುಳುಗುತ್ತಿದೆ’ ಎನ್ನಿಸುವ ತೂಕ ಕೆಳಗೆ ಮಿತಿಮೀರಿದ ತೂಕವಾಗುವುದು ಇದರಿಂದಲೇ.

ಪರೀಕ್ಷೆ: ಕತ್ತಿನವರೆಗಿನ ನೀರಿನಲ್ಲಿ, ಜೊತೆಯವರು ಪಕ್ಕದಲ್ಲಿ. 2 ಕಿಲೋದಿಂದ ಆರಂಭಿಸಿ ಅರ್ಧ ಅರ್ಧ ಕಿಲೋ ಏರಿಸುತ್ತಾ ಹೋಗುವುದು. ಸಹಜ ಉಸಿರನ್ನು ಪೂರ್ತಿ ಬಿಟ್ಟು ಕಾಲು ಮಡಿಚಿ ಕದಲದೆ ನೆಟ್ಟಗೆ ತೇಲುವಾಗ ನೀರಿನ ಗೆರೆ ಕಣ್ಣಿನ ಮಟ್ಟದಲ್ಲಿದ್ದರೆ ಅಲ್ಲಿಗೆ ನಿಲ್ಲಿಸುವುದು. ತಲೆ ಮುಳುಗಿದರೆ ಅರ್ಧ ಕಿಲೋ ತೆಗೆಯುವುದು. ಸುಮಾರು 70 ಕಿಲೋ ಮೈತೂಕಕ್ಕೆ ಈ ಸೂಟಿನಲ್ಲಿ 4.5 ಕಿಲೋ ಬಂತು, ಬನಿಯನ್ ಸೇರಿದಾಗ 5.5. ಬೇರೆಯವರ ಅಂಕಿಯನ್ನು ಹಾಗೇ ಹಾಕಿಕೊಳ್ಳಬಾರದು, ಹಳೇ ಸೂಟು ಚಪ್ಪಟೆಯಾಗಿದ್ದರೆ ಕಡಿಮೆಯೇ ಸಾಕು. ಬೆಲ್ಟು ರಬ್ಬರಿನದೇ ಆಗಲಿ. ನೈಲಾನ್ ಬೆಲ್ಟು, ಸೂಟು ಹಿಂಡಿಕೊಂಡೊಡನೆ ಸಡಿಲವಾಗಿ ಎದೆಯ ಕಡೆ ಜಾರುತ್ತದೆ. ಬಕಲ್ ಒಂದೇ ಎಳೆತಕ್ಕೆ ಬಿಚ್ಚಬೇಕು, ಗ್ಲೌಸ್ ಹಾಕಿದ ಕೈಯಲ್ಲಿ, ಎರಡೂ ಕೈಯಿಂದ ಅಭ್ಯಾಸ.

ಮುಳುಗುವ ಮುನ್ನ ಬೇಗ ಬೇಗ ಉಸಿರಾಡುವ ಚಟವಿದ್ದವರು ಅದನ್ನು ಬಿಡಬೇಕು. ಅದು ಆಮ್ಲಜನಕವನ್ನು ಹೆಚ್ಚಿಸುವುದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿಸಿ ‘ಉಸಿರು ಬೇಕು’ ಎನ್ನುವ ಎಚ್ಚರಿಕೆಯನ್ನೇ ಅಳಿಸುತ್ತದೆ. ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಮೇಲಕ್ಕೆ ಬರುವಾಗ ಅಥವಾ ಬಂದ ಕೂಡಲೇ. ಒಬ್ಬರು ಕೆಳಗೆ, ಒಬ್ಬರು ಮೇಲೆ ಕಣ್ಣಿಟ್ಟು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಡಾರ್ಸೆಟ್ ವೈಲ್ಡ್‌ಲೈಫ್ ಟ್ರಸ್ಟ್ ಬೇಸಿಗೆಯಲ್ಲಿ ಬೋಯಿಗಳನ್ನು (ತೇಲುವ ಗುರುತುಗಳು) ಇಟ್ಟು ಗುರುತಿಸುವ ಸ್ನಾರ್ಕೆಲ್ ದಾರಿ ಹೊಸಬರಿಗೆ ಒಳ್ಳೆಯ ಆರಂಭ. ಈ ತಿಂಗಳುಗಳಲ್ಲಿ ಕಂಡವು: ಮೆಟ್ಟಿಲಿನಂತೆ ಕಡಲಿಗಿಳಿಯುವ ಕಲ್ಲುಪದರಗಳ ಬಿರುಕಿನಲ್ಲಿ ಟಾಂಪಾಟ್ ಬ್ಲೆನಿ ಮೀನು. ಪಾಚಿ ತಂದು ಗೂಡು ಕಟ್ಟುವ ಗಂಡು ಕಾರ್ಕ್‌ವಿಂಗ್ ರಾಸ್ ಮೀನು. ಪೊರೆ ಬಿಡಲು ಆಳವಿಲ್ಲದ ನೀರಿಗೆ ಬರುವ ಜೇಡ ಏಡಿ. ಗಿಡ್ಡ ಬೀಸಣಿಗೆಯಂಥ ಪಡೀನಾ ಪಾಚಿ ಬ್ರಿಟನ್ನಿನಲ್ಲಿ ಕಾಣಸಿಗುವುದು ಅಪರೂಪ, ಇಲ್ಲಿ ಮೊಳಕಾಲಾಳದ ಕೊಳಗಳಲ್ಲೇ ಇದೆ. ಅದಕ್ಕೇ ಅಲ್ಲಿ ಫಿನ್ಸ್ (ಕಾಲಿನ ಈಜುರೆಕ್ಕೆ) ಹಾಕಿಕೊಂಡು ನಿಲ್ಲಬಾರದು. ಹಸಿರು ಮೈ, ನೇರಳೆ ತುದಿಯ ಸ್ನೇಕ್‌ಲಾಕ್ಸ್ ಅನಿಮೋನ್ ಚುಚ್ಚುತ್ತದೆ, ಮುಂಗೈ ಬರಿದಾಗಿದ್ದರೆ ಉರಿ ಖಂಡಿತ. ಗುರುತು ಖಾತ್ರಿಯಾದ ಜೀವಿಗಳನ್ನು ಆಳ, ಉಷ್ಣತೆಯೊಂದಿಗೆ ಹವ್ಯಾಸಿ ಡೈವರ್‌ಗಳು ಕಂಡ ಕಡಲ ಜೀವಿಗಳನ್ನು ದಾಖಲಿಸುವ ಸೀಸರ್ಚ್ ಯೋಜನೆಗೆ ಕಳಿಸಲು ಪಟ್ಟಿ ಮಾಡಲಾಗಿದೆ. ಖಾತ್ರಿಯಿಲ್ಲದವು ಫೋಟೋ ಜೊತೆ ಪ್ರತ್ಯೇಕ.

ಆಗಸ್ಟ್, 17–18 ಡಿಗ್ರಿ

ಉಷ್ಣತೆಯ ತೊಂದರೆಯಿಲ್ಲ. ತೊಂದರೆ ಈಜುವಾಗ ಜೊತೆಗೆ ಎಳೆದೊಯ್ಯುವ ತೇಲುಬುಡ್ಡೆಯ ಹಗ್ಗದ್ದು. ಉದ್ದುದ್ದ ಬೆಳೆದ ಸಾರ್ಗಾಸಮ್ ಪಾಚಿಗೆ 20 ಮೀಟರಿನ ಹಗ್ಗ ಪದೇ ಪದೇ ಸುತ್ತಿಕೊಂಡಿತು. 10 ಮೀಟರಿಗೆ ಇಳಿಸಿ, ನೀರ ಮೇಲೆ ತೇಲುವ ದಪ್ಪ ಹಗ್ಗ ಹಾಕಿದ ಮೇಲೆ ಸರಿಹೋಯಿತು. ಬುಡ್ಡೆಯ ಮೇಲೆ ನೀಲಿ–ಬಿಳಿ ‘ಎ’ ಬಾವುಟ (ನೀರೊಳಗೆ ಮುಳುಗುವವರಿದ್ದಾರೆ ಎಂಬ ಸಂಕೇತ), ದೋಣಿಗಳಿಗೆ ಕಾಣುವಂತೆ. ಫಿನ್ಸ್ ಪಟ್ಟಿಯ ಬಾಲಕ್ಕೂ ಪಾಚಿ ಸಿಕ್ಕುತ್ತದೆ, ಟೇಪು ಸುತ್ತಿದರೆ ಸಾಕು.

ಅಕ್ಟೋಬರ್–ನವೆಂಬರ್, 15ರಿಂದ 12 ಡಿಗ್ರಿ

ಮಾಸ್ಕ್ ಮಂಜಾಗುವ ಕಾಲ. ಗಾಜು ತಣ್ಣಗೆ, ಒಳಗಿನ ಗಾಳಿ ಬೆಚ್ಚಗೆ, ನಡುವೆ ತೇವ. ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯ ಸಿಲಿಕೋನ್ ಪೊರೆ ಉಳಿದಿರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಎರಡು ನಿಮಿಷ ಉಜ್ಜಿ ತೊಳೆಯುವುದನ್ನು ನಾಲ್ಕೈದು ಸಲ ಮಾಡಬೇಕು. ಒಳಗಾಜಿಗೆ ಮೊದಲೇ ಲೇಪನವಿದ್ದರೆ ಬೇಡ, ಲೇಪನ ಹೋಗುತ್ತದೆ. ಆಮೇಲೆ ಪ್ರತಿ ಸಲ ಒಂದು ಹನಿ ಬೇಬಿ ಶಾಂಪೂ ಸವರಿ, ಕಡಲ ನೀರಿನಲ್ಲಿ ಒಮ್ಮೆ ಮಾತ್ರ ಅದ್ದಿ ತೆಗೆಯುವುದು. ಮಂಜು ಮತ್ತೆ ಮತ್ತೆ ಬಂದರೆ ಮೂಗಿನಿಂದ ಉಸಿರು ಬಿಡುತ್ತಿದ್ದೀರಿ ಎಂದರ್ಥ. ಸೋರಿಕೆಗೆ ಹೆಚ್ಚಾಗಿ ಕಾರಣ ತಲೆಗವಸಿನ ಅಂಚು ಮಾಸ್ಕಿನ ರಬ್ಬರಿನ ಕೆಳಗೆ ಸಿಕ್ಕಿರುವುದು. ಪಟ್ಟಿ ಬಿಗಿ ಮಾಡಿದರೆ ಅದು ಹೋಗುವುದಿಲ್ಲ, ಹಣೆಯಲ್ಲಿ ನೋವಷ್ಟೇ ಬರುತ್ತದೆ.

ಹೊರಗೆ ಬಂದ ಮೇಲಿನ ಹತ್ತು ನಿಮಿಷಕ್ಕೂ ಕ್ರಮ ಗೊತ್ತಾಯಿತು. ಮೈಯ ಒಳಗಿನ ಉಷ್ಣತೆ ನೀರು ಬಿಟ್ಟ ಮೇಲೂ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಮೊದಲು ಒಣ ಟೋಪಿ, ಆಮೇಲೆ ಮೈಯ ಮೇಲ್ಭಾಗ ಒರೆಸಿ ಉಣ್ಣೆ ಬಟ್ಟೆ, ಕೊನೆಗೆ ಕಾಲು. ಒಣ ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲೇ ಚೀಲದಲ್ಲಿ ಜೋಡಿಸಿ, ಗುಂಡಿ–ಜಿಪ್ ಇಲ್ಲದ್ದನ್ನೇ ಇಡುವುದು, ಸೋತ ಬೆರಳಿಗೆ ಅವು ಒಗ್ಗುವುದಿಲ್ಲ. ಬಿಸಿ ಸಿಹಿ ಚಹಾ ಸರಿ, ತಕ್ಷಣ ಬಿಸಿನೀರ ಸ್ನಾನ ಬೇಡ. ನಡುಕ ಪೂರ್ತಿ ನಿಲ್ಲುವವರೆಗೆ ಕಾರು ಓಡಿಸುವಂತಿಲ್ಲ.

ಡಿಸೆಂಬರ್, 11 ಡಿಗ್ರಿ

ಏಪ್ರಿಲ್‌ಗಿಂತ ಈಗಲೇ ನೀರು ಬೆಚ್ಚಗೆ! ಗಾಳಿ ತಣ್ಣಗಾದರೂ ಕಡಲು ನಿಧಾನಕ್ಕೆ ಬಿಸಿ ಬಿಟ್ಟುಕೊಡುತ್ತದೆ. ವಸಂತದ ಬಿಸಿಲು ನೋಡಿ ತೆಳು ಸೂಟು ಹಾಕುವವರು ಎಡವುವುದು ಇಲ್ಲೇ.

ಸೂಟಿನ ಎಡ ಮಣಿಕಟ್ಟಿನಲ್ಲಿ ಉಗುರು ತಾಗಿ ಅರ್ಧಚಂದ್ರದ ಸೀಳು, 3 ಸೆ.ಮೀ. ಸಿಹಿನೀರಿನಲ್ಲಿ ತೊಳೆದು ಒಂದು ದಿನ ನೆರಳಿನಲ್ಲಿ ಒಣಗಿಸಿದ್ದು ಆಯಿತು. ಸೀಳನ್ನು ಬಗ್ಗಿಸಿ ತೆರೆದು ಎರಡೂ ಮುಖಕ್ಕೆ ನಿಯೋಪ್ರೀನ್ ಅಂಟು ತೆಳುವಾಗಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಲೇಪ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ ಹಿಡಿದದ್ದು. ಒದ್ದೆಯಿರುವಾಗಲೇ ಒತ್ತಿದರೆ ಎರಡನೇ ಈಜಿಗೇ ಬಿಟ್ಟುಕೊಳ್ಳುತ್ತದೆ. ಈಗ 24 ಗಂಟೆ ಮುಟ್ಟುವಂತಿಲ್ಲ. ಮುಂದಿನ ಬರಹ ನೀರು 9 ಡಿಗ್ರಿಗೆ ಇಳಿದ ಮೇಲೆ: ಅದೇ ಮೂರು ಬೆರಳಿನ ಗ್ಲೌಸಿನ ಒಳಗೆ ತೆಳು ಉಣ್ಣೆಯ ಒಳಗ್ಲೌಸ್ ಹಾಕಿದರೆ ಬೆರಳ ಪರೀಕ್ಷೆ ಎಷ್ಟು ನಿಮಿಷ ನಿಲ್ಲುತ್ತದೆ ಎಂಬ ಲೆಕ್ಕ.